ನಲ್ಲಿಗೆ ಹೇಳದ ಕನಸು

ಕೆಟ್ಟ ಕನಸು ಬಿದ್ದರೆ
ಮನುಷ್ಯರ ಕಿವಿಗೆ ಹಾಕಬೇಡ, ಮೊದಲು ನೀರಿಗೆ ಹೇಳು,
ಹರಿಯುವ ನೀರು ಹೊತ್ತುಕೊಂಡು ಹೋಗುತ್ತದೆ.
ಅತ್ತೆ ಹೇಳಿಕೊಟ್ಟ ಮಾತು, ನಾನು ಶೆಕಿ ಊರಿಗೆ ಸೊಸೆಯಾಗಿ ಬಂದ ವರ್ಷ.
ಆಗ ಹೊಳೆಗೆ ಹೋಗುತ್ತಿದ್ದೆವು. ಈಗ ನಲ್ಲಿಗೆ.

ಮೂವತ್ತನಾಲ್ಕು ವರ್ಷ ಹೇಳಿದ್ದೇನೆ.
ಉದುರಿದ ಹಲ್ಲು, ಸತ್ತ ತಮ್ಮನ ಮದುವೆ,
ಕಪ್ಪು ಹಾವು, ಸುಟ್ಟು ಕರಕಾದ ನೂರು ರೊಟ್ಟಿ
ಎಲ್ಲ ತೊಳೆದು ಹೋದವು, ಪಾತ್ರೆಯ ಜಿಡ್ಡಿನ ಹಾಗೆ.
ನಾಲ್ಕು ಗಂಟೆಗೆ ತಂದೂರಿಗೆ ಬೆಂಕಿ ಹಾಕಬೇಕಾದವಳಿಗೆ
ಅರ್ಥ ಕೇಳುತ್ತ ಕೂರಲು ಪುರುಸೊತ್ತೆಲ್ಲಿ?

ನನ್ನ ತಂದೂರು ನೆಲದಲ್ಲಿ ಹೂತ ಮಣ್ಣಿನ ಗುಡಾಣ.
ಸೊಂಟದವರೆಗೆ ಬಗ್ಗಿ, ಉಸಿರು ಬಿಗಿಹಿಡಿದು,
ಒಳಗೋಡೆಗೆ ಹಿಟ್ಟು ಬಡಿದು, ಮೇಲೆದ್ದು ಉಸಿರು ಬಿಡಬೇಕು.
ಇಷ್ಟೇ ನನ್ನ ವಿದ್ಯೆ.

ಈ ಚಳಿಗಾಲ ಹೊಸ ಕನಸು ಶುರುವಾಯಿತು:
ಬಗ್ಗುತ್ತೇನೆ, ಕೆಂಡವಿಲ್ಲ.
ತಳದಲ್ಲಿ ಒಂದು ಬೊಗಸೆ ನೀರು, ಅದರಲ್ಲಿ ನನ್ನ ಮುಖ.
ನಲ್ಲಿಗೆ ಹೇಳಿದೆ. ಹೋಯಿತು.
ವಾರದ ಮೇಲೆ ಮತ್ತೆ ಬಂತು, ಮೊಳದುದ್ದ ನೀರು.
ಬಡಿದ ರೊಟ್ಟಿ ಗೋಡೆಗೆ ಹಿಡಿಯದೆ
ಒಂದೊಂದೇ ಜಾರಿ ತೇಲತೊಡಗಿದವು, ಬೆಳ್ಳಗೆ, ಊದಿಕೊಂಡು,
ನನ್ನ ಪಾದದ ಹಾಗೆ.
ಪಾದ ಊದಿದ್ದನ್ನು ಚಳಿಯ ಲೆಕ್ಕಕ್ಕೆ ಬರೆದಿದ್ದೆ.

ಮೂರನೆಯ ಸಲ ನೀರು ಬಾಯಿಮಟ್ಟ.
ಬಗ್ಗಿದ ತಲೆ ಮೇಲೇಳಲಿಲ್ಲ.
ಎದ್ದು ಕೂತು ಕಿಟಕಿ ತೆರೆದೆ, ಹೊರಗೆ ಹಿಮ,
ಗಾಳಿಯನ್ನು ತುತ್ತು ತುತ್ತಾಗಿ ತಿಂದೆ.
ಮೀರ್ಜಾಲಿ ಮುಸುಕಿನೊಳಗಿಂದಲೇ ಗೊಣಗಿದ:
"ರಾತ್ರಿ ಅಷ್ಟು ಉಪ್ಪಿನಕಾಯಿ ತಿನ್ನಬೇಡ ಅಂದಿದ್ದೆ."

ಅವತ್ತು ಬೆಳಿಗ್ಗೆ ನಲ್ಲಿ ತಿರುಗಿಸಿದರೆ
ಎರಡು ಸಲ ಕೆಮ್ಮಿತು, ಅಷ್ಟೇ.
ಕೊಳವೆ ಹೆಪ್ಪುಗಟ್ಟಿತ್ತು.
ನೀರಿನ ಕನಸು, ಹೇಳಲು ನೀರಿಲ್ಲ.
ಬಿಸಿ ತುತ್ತು ಬಾಯಿಗಿಟ್ಟವಳ ಹಾಗೆ
ನುಂಗಲಾರದೆ ಉಗುಳಲಾರದೆ
ರಾತ್ರಿ ನಾದಿಟ್ಟ ಹಿಟ್ಟನ್ನು ಉಂಡೆ ಕಟ್ಟಿದೆ.

ಮೊದಲ ಗಿರಾಕಿ ರುಹಂಗಿಜ್,
ಪಾಲಿಕ್ಲಿನಿಕ್‌ನಲ್ಲಿ ಎದೆಗೆ ತಂತಿ ಅಂಟಿಸಿ
ಕಾಗದದ ಮೇಲೆ ಗೆರೆ ತೆಗೆಯುವವಳು.
ಎರಡು ರೊಟ್ಟಿ ಕೇಳಿದಳು. ನಾನು ಕನಸು ಕೊಟ್ಟೆ.

ಅವಳು ಅರ್ಥ ಹೇಳಲಿಲ್ಲ.
"ಸನೂಬರ್ ಅಕ್ಕ, ಎಷ್ಟು ದಿಂಬು ಇಟ್ಟು ಮಲಗುತ್ತೀಯ?" ಅಂದಳು.
ಲೆಕ್ಕ ಹಾಕಿದೆ. ಬೇಸಿಗೆಯಲ್ಲಿ ಒಂದು.
ದಾಳಿಂಬೆ ಬಿರಿಯುವ ಹೊತ್ತಿಗೆ ಎರಡು.
ಈಗ ಮೂರು, ಅದರ ಮೇಲೆ ಮಡಿಸಿದ ಕೋಟು.
ನಾನೇ ಜೋಡಿಸಿದ್ದೆ, ನಾನೇ ನೋಡಿರಲಿಲ್ಲ.
ಅವಳು ಕೂತು ನನ್ನ ಕಾಲ್ಚೀಲ ಜಾರಿಸಿ
ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದಳು,
ಹಿಟ್ಟು ಹದಕ್ಕೆ ಬಂತೇ ಎಂದು ನಾನು ಒತ್ತುತ್ತೇನಲ್ಲ, ಹಾಗೆ.
ಗುಳಿ ಹಾಗೇ ಉಳಿಯಿತು.
ಇಬ್ಬರೂ ಆ ಗುಳಿಯನ್ನೇ ನೋಡುತ್ತ ನಿಂತೆವು.
ಒಳಗೆ ರೊಟ್ಟಿ ಸೀಯುತ್ತಿತ್ತು.

ಹೃದಯಕ್ಕೆ ದಣಿವು, ಶ್ವಾಸಕೋಶದ ಬುಡದಲ್ಲಿ ನೀರು
ಎಂದರು ಡಾಕ್ಟರು, ಚಿತ್ರವನ್ನು ಬೆಳಕಿಗೆ ಹಿಡಿದು.
ಕನಸಿನ ಮಾತು ನಾನು ಎತ್ತಲಿಲ್ಲ, ಅವರೂ ಕೇಳಲಿಲ್ಲ.
ಆದರೆ ಆ ಕಪ್ಪು ಚಿತ್ರದ ತಳದಲ್ಲಿ ಬೆಳ್ಳಗೆ ನಿಂತದ್ದನ್ನು
ನಾನು ಮೊದಲೇ ಬಗ್ಗಿ ನೋಡಿದ್ದೆ.

ಅತ್ತೆ ಒಂದು ರಾತ್ರಿ ಕೂತಲ್ಲೇ ಹೋದಳು,
ಬೆನ್ನಿಗೆ ಗೋಡೆ, ಬಾಯಿ ತೆರೆದು.
ಅವಳು ಹೊಳೆಗೆ ಏನೇನು ಹೇಳಿದ್ದಳೋ,
ಹೊಳೆ ಯಾರಿಗೂ ಹೇಳಲಿಲ್ಲ.

ಈಗ ಗುಳಿಗೆ ನುಂಗಿ ದಿನವಿಡೀ ಉಚ್ಚೆಗೆ ಓಡುತ್ತೇನೆ,
ಕನಸಿನ ನೀರು ಆ ದಾರಿಯಲ್ಲೇ ಇಳಿಯುತ್ತಿದೆ.
ತಂದೂರಿಗೆ ಬಗ್ಗುವವಳು ತಂಗಿಯ ಮಗಳು ಜೆಯ್ರಾನ್,
ನಾನು ಎಳ್ಳು ಚಿಮುಕಿಸುತ್ತೇನೆ, ಬೈಯುತ್ತೇನೆ.
ಕೊಳವೆಯೂ ಸರಿಯಾಗಿದೆ.
ತಿರುಗಿಸುವ ಮೊದಲು ದಿಂಬು ಎಣಿಸುತ್ತೇನೆ, ಕಾಲು ಒತ್ತಿ ನೋಡುತ್ತೇನೆ.

ಮೊನ್ನೆ ಟೋಪಿ ಹಾಕಿಕೊಂಡ ಕತ್ತೆಯೊಂದು ಬಂದು
ರೊಟ್ಟಿ ಸಾಲ ಕೇಳಿತು, ಹಳೆಯ ಬಾಕಿಯ ಮಾತೇ ಇಲ್ಲ.
ರುಹಂಗಿಜ್‌ಗೆ ಹೇಳಿದೆ.
ಪೂರ್ತಿ ಕೇಳಿಸಿಕೊಂಡು, ನಾಡಿ ಹಿಡಿದು ನೋಡಿ,
ಗಂಭೀರವಾಗಿ ಅಂದಳು:
"ಇದನ್ನು ನಲ್ಲಿಗೆ ಹೇಳು."